ತಡೆಯಿಲ್ಲದಿರುವುದೂ ಕಾರಣವೇ?

ನಾಗಪುರದ ಕಿತ್ತಳೆ ತೋಟಗಳ ಸುಣ್ಣದಂಶ ಹೆಚ್ಚಿರುವ ಕ್ಷಾರೀಯ ಕಪ್ಪು ಮಣ್ಣಿನಲ್ಲಿ ಮೆಗ್ನೀಸಿಯಂ ಇದ್ದರೂ ಮರಕ್ಕೆ ಸಾಲದೆ ಹೋಗಬಹುದು. ಬೇರು ಹೀರುವಲ್ಲಿ ಕ್ಯಾಲ್ಸಿಯಂ ಪೈಪೋಟಿಗೆ ನಿಂತಿರುತ್ತದೆ. ಆಗ ಹಳೆಯ ಎಲೆಗಳು ಹಳದಿಯಾಗಿ, ತೊಟ್ಟಿನ ಬಳಿ ಮಾತ್ರ ಹಸಿರು ತ್ರಿಕೋನ ಉಳಿಯುತ್ತದೆ. ಹಾಗಾದರೆ ಹಸಿರಿಗೆ ಕಾರಣ ಮೆಗ್ನೀಸಿಯಂ ಒಂದೇ ಏನು? ತಡೆಯ ಅಭಾವವೂ ಕಾರಣವೇ ಎನ್ನುತ್ತಾನೆ 'ನ್ಯಾಯಕುಸುಮಾಂಜಲಿ' ಬರೆದ ನ್ಯಾಯದರ್ಶನದ ಚಿಂತಕ ಉದಯನ. ಇಲ್ಲದ್ದು ಏನನ್ನು ತಾನೇ ಹುಟ್ಟಿಸೀತು ಎಂಬ ಮೀಮಾಂಸಕರ ಆಕ್ಷೇಪ ಹಗುರವಾದದ್ದಲ್ಲ. ಬೆಂಕಿಯನ್ನು ತಡೆಯುತ್ತದೆಂದು ನಂಬಲಾದ ಮಣಿಯ ಸನ್ನಿಧಿಯಲ್ಲಿ ಬೆಂಕಿ ಸುಡದಿದ್ದರೆ, ಬೆಂಕಿಯ ಶಕ್ತಿಯೇ ಕುಂದಿದೆ ಎಂಬುದು ಅವರ ವಾದ. ಆದರೆ ಇಲ್ಲಿ ಮೆಗ್ನೀಸಿಯಂನ ಶಕ್ತಿ ಕುಂದಿಲ್ಲ. ಅದನ್ನೇ ನೈಟ್ರೇಟ್ ರೂಪದಲ್ಲಿ ಎಲೆಗೆ ಸಿಂಪಡಿಸಿದರೆ, ಬೇರಿನ ಪೈಪೋಟಿಯನ್ನು ತಪ್ಪಿಸಿ ಒಳಸೇರುತ್ತದೆ. ಮಣ್ಣಿಗೇ ಇನ್ನಷ್ಟು ಸುರಿದರಾಗದೇ? ಕೆಲವೊಮ್ಮೆ ಆದೀತು, ದುಬಾರಿಯಾಗಿ. ಆಗಲೂ ಎಷ್ಟು ಸುರಿಯಬೇಕೆಂದು ತಿಳಿಯಲು ಕ್ಯಾಲ್ಸಿಯಂ ಲೆಕ್ಕ ಹಿಡಿಯಲೇಬೇಕು.