ತೂಕ ಸರಿಯಿತ್ತು, ಧಾನ್ಯ ಒದ್ದೆಯಾಗಿತ್ತು

ನನ್ನ ತಂಗಿಯ ಮಗಳು ಪದವೀಧರೆ, ಇಬ್ಬರು ಮಕ್ಕಳ ತಾಯಿ. ಮನೆಯಲ್ಲೇ ಕುಳಿತು ಇಂಟರ್‌ನೆಟ್ ತಾಣಗಳಿಗೆ ಇಂಗ್ಲಿಷ್ ಲೇಖನಗಳನ್ನು ಬರೆದುಕೊಡುತ್ತಾಳೆ. ಅವಳು ಯಾವ ಸಂಸ್ಥೆಯ ನೌಕರಳೂ ಅಲ್ಲ. ಕೆಲಸ ಬಂದಾಗ ಬರೆಯುವುದು, ಪದಕ್ಕೆ ಇಷ್ಟು ಪೈಸೆಯಂತೆ ಹಣ ಪಡೆಯುವುದು. ಲೇಖನದಲ್ಲಿ ಅವಳ ಹೆಸರಿರುವುದಿಲ್ಲ. ಹಲಾಲ್ ಸಂಪಾದನೆಯ ದಾರಿಯೊಂದು ಮನೆಬಾಗಿಲಿಗೇ ಬಂತಲ್ಲಾ ಎಂದು ನಮಗೆಲ್ಲ ಸಂತೋಷವಾಗಿತ್ತು.

ಕಳೆದ ರಮಝಾನಿಗೆ ಮುಂಚೆ ಅವಳಿಗೊಂದು ಕೆಲಸ ಬಂತು. ಸಕ್ಕರೆ ಕಾಯಿಲೆ ಮತ್ತು ಉಪವಾಸದ ಬಗ್ಗೆ 1000 ಪದ, ಒಂದು ರಾತ್ರಿಯ ಗಡುವು. ನಾಲ್ಕೈದು ಲೇಖನಗಳನ್ನು ಮುಂದಿಟ್ಟುಕೊಂಡು, ವಾಕ್ಯಗಳನ್ನು ತಿರುವಿ, ಪದಗಳನ್ನು ಬದಲಿಸಿ ಮುಗಿಸಿದಳು. ಹಣವೂ ಬಂತು. ಆ ಮೇಲೆ ನನಗೆ ತೋರಿಸಿದಳು. ನಾನು 20 ವರ್ಷಗಳಿಂದ ಆ ಕಾಯಿಲೆಯವನು. ಲೇಖನದಲ್ಲಿ ಖರ್ಜೂರದ ಗುಣಗಾನ ಧಾರಾಳವಾಗಿತ್ತು. ಸಾಕಷ್ಟು ನೀರು ಕುಡಿಯಿರಿ ಎಂಬ ಉಪದೇಶ ಮೂರು ಕಡೆ ಇತ್ತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಗಲಿನಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು, ಅದು 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು, ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ, ಔಷಧದ ಪ್ರಮಾಣ ಮತ್ತು ವೇಳೆಯ ಬಗ್ಗೆ ಮುಂಚಿತವಾಗಿ ವೈದ್ಯರನ್ನು ಕಾಣಬೇಕು - ಇವುಗಳಲ್ಲಿ ಒಂದೂ ಇರಲಿಲ್ಲ.

"ಮಾಮಾ, ಅವರು ಕೇಳಿದ್ದು ಸಾವಿರ ಪದ. ಕೊಟ್ಟಿದ್ದೇನೆ. ಅವರಿಗೂ ತೃಪ್ತಿಯಾಗಿದೆ. ಇದರಲ್ಲಿ ಮೋಸ ಎಲ್ಲಿದೆ?" ಎಂದಳು.

ಪ್ರಶ್ನೆ ನಾವು ಭಾವಿಸುವಷ್ಟು ಸುಲಭದ್ದಲ್ಲ. ಅಳತೆ ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಆದರೆ ಇಲ್ಲಿ ಎಣಿಕೆಯಲ್ಲಿ ಒಂದು ಪದವೂ ಕಡಿಮೆಯಾಗಿಲ್ಲ. ನನಗೆ ನೆನಪಾದುದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಧಾನ್ಯ ವ್ಯಾಪಾರಿಯ ಘಟನೆ. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಾಗಿತು. ಮಳೆ ಬಿತ್ತೆಂದು ಅವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಗಮನಿಸಿ, ಅವನ ತಕ್ಕಡಿಯ ಬಗ್ಗೆ ಅಲ್ಲಿ ದೂರಿರಲಿಲ್ಲ. ಒದ್ದೆ ಧಾನ್ಯ ಇನ್ನೂ ಹೆಚ್ಚೇ ತೂಗುತ್ತದೆ! ಸಾವಿರ ಪದ ತುಂಬಿಸಲಿಕ್ಕಾಗಿ ಒಂದೇ ಮಾತನ್ನು ಮೂರು ಸಲ ಹೇಳಿದ ಲೇಖನವೂ ಹೀಗೆಯೇ ನೀರು ಕುಡಿದು ಭಾರವಾಗಿರುತ್ತದೆ.

ಕೊಂಡವನಿಗೆ ತೃಪ್ತಿಯಾಗಿದೆಯಲ್ಲಾ ಎಂಬ ಮಾತು ಉಳಿಯಿತು. ಈ ಕೆಲಸದಲ್ಲಿ ಹಣ ಕೊಡುವವನೇ ಬೇರೆ, ಉಣ್ಣುವವನೇ ಬೇರೆ. ತಾಣದ ಒಡೆಯನಿಗೆ ಬೇಕಾದುದು ಜನ ಬಂದು ಜಾಹೀರಾತು ನೋಡುವುದು. ಓದುಗನು ದುಡ್ಡು ಕೊಡುವುದಿಲ್ಲ, ನಂಬಿಕೆ ಕೊಡುತ್ತಾನೆ. ಅವನು ನನ್ನಂತಹ ರೋಗಿಯಾಗಿದ್ದರೆ ಆ ನಂಬಿಕೆಯಿಂದಲೇ ತನ್ನ ಸಹ್ರಿಯ ಔಷಧವನ್ನು ನಿರ್ಧರಿಸುತ್ತಾನೆ. ಒಡೆಯನು ಒಪ್ಪಿದ ಮಾತ್ರಕ್ಕೆ ರೋಗಿಯ ಹಕ್ಕು ಮನ್ನಾ ಆಗುವುದು ಹೇಗೆ?

ಇಂತಹ ಬರಹಗಳನ್ನು ರಾಶಿ ರಾಶಿಯಾಗಿ ಬೆಳೆಯುತ್ತಿದ್ದ ತಾಣಗಳನ್ನು 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಪಟ್ಟಿಯಲ್ಲಿ ಕೆಳಗೆ ತಳ್ಳಿತು. ಆ ಬದಲಾವಣೆಗೆ ಪಾಂಡಾ ಎಂದು ಹೆಸರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಸಾವಿರ ಪದಗಳನ್ನು ಯಂತ್ರವೇ ನಿಮಿಷದೊಳಗೆ ಕೊಡುತ್ತದೆ, ತಪ್ಪನ್ನೂ ಬಹಳ ಧೈರ್ಯದಿಂದ ಹೇಳುತ್ತದೆ. ಪರಿಶೀಲಿಸಿ ಬರೆಯುವ ಕಷ್ಟ ಮಾತ್ರ ಮನುಷ್ಯನ ಪಾಲಿಗೆ ಉಳಿದಿದೆ.

"ಅಷ್ಟು ಪೈಸೆಗೆ ಎರಡು ದಿನ ಓದಿ ಬರೆಯಲು ಸಾಧ್ಯವೇ ಮಾಮಾ?" ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸ್ ಕೊಡುವವನ ಹೊಣೆಯನ್ನು ನೆನಪಿಸುತ್ತದೆ, ಬೆವರಿಗಿಂತ ಕಡಿಮೆ ಕೂಲಿ ನಿಗದಿಪಡಿಸುವವನೂ ಅಲ್ಲಾಹನಿಗೆ ಉತ್ತರ ಹೇಳಬೇಕಾದವನೇ. ಕಡಿಮೆ ಹಣಕ್ಕೆ ಕಡಿಮೆ ಪದ ಬರೆಯುತ್ತೇನೆ ಎನ್ನಬಹುದು, ತಿಳಿಯದ ವಿಷಯವನ್ನು ಬೇಡವೆನ್ನಬಹುದು. ಪೆನ್ಶನ್ ಬರುವ ನಾನು ಹೀಗೆ ಹೇಳುವುದು ಸುಲಭ, ಮಕ್ಕಳ ಶಾಲೆಯ ಫೀಸು ಕಟ್ಟಬೇಕಾದವಳು ಅವಳು. ಆದರೂ, ಉಡುಪಿನ ಫ್ಯಾಶನ್ ಕುರಿತ ಲೇಖನದಲ್ಲಿ ಕ್ಷಮಿಸಬಹುದಾದ ಉದಾಸೀನವನ್ನು ಔಷಧದ ವಿಷಯದಲ್ಲಿ ಕ್ಷಮಿಸಲಾರೆನೆಂದು ಅವಳಿಗೆ ಹೇಳಿದೆ.

ಅವಳು ವಾದಿಸಲಿಲ್ಲ. ಅಂತಾರಾಷ್ಟ್ರೀಯ ಡಯಾಬಿಟೀಸ್ ಒಕ್ಕೂಟವು ರಮಝಾನ್ ಉಪವಾಸದ ಕುರಿತು 2021ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯನ್ನು ಹುಡುಕಿ ಎರಡು ರಾತ್ರಿ ಓದಿದಳು. ಹೊಸದಾಗಿ ಬರೆದದ್ದು 700 ಪದವಾಯಿತು. ಹಣ ಬೇಡ, ಹಳೆಯದನ್ನು ತೆಗೆದು ಇದನ್ನು ಹಾಕಿ ಎಂದು ಕಳುಹಿಸಿದಳು. ಆ ಕೆಲಸ ಮುಗಿದಿದೆ, ಇನ್ನು ಬದಲಿಸಲಾಗದು ಎಂದು ಒಂದು ಸಾಲಿನ ಉತ್ತರ ಬಂತು.

ಹಳೆಯ ಲೇಖನ ಈಗಲೂ ಅಲ್ಲೇ ಇದೆ. ಹೊಸದನ್ನು ಅವಳು ಕನ್ನಡಕ್ಕೆ ತಿರುಗಿಸಿ ತನ್ನ ಅತ್ತೆಗೆ ಓದಿ ಹೇಳಿದಳು. ಅವರು ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವವರು.