ಮೂರನೇ ಮನೆಯ ಲೆಕ್ಕ

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲ ಹತ್ತು ನಿಮಿಷ ಊರಿನ ಮಳೆ, ಅಡಿಕೆ ಧಾರಣೆ, ಮಕ್ಕಳ ಪರೀಕ್ಷೆ. ಆಮೇಲೆ ಮಾತು ತಾನಾಗಿಯೇ ಫ್ಲ್ಯಾಟಿಗೆ ಹೊರಳುತ್ತದೆ. ಪುನಾವಳೆಯಲ್ಲಿ ಈಗ ಚದರಡಿಗೆ ಎಷ್ಟು, ರಾವೇತ ಇನ್ನೂ ಏರುತ್ತದಾ, ಮಾರುಂಜಿಯಲ್ಲಿ ಮೊದಲೇ ಬುಕ್ ಮಾಡಿದವರು ಎಷ್ಟು ಮಾಡಿಕೊಂಡರು. ನಾನೂ ಈ ಮಾತಿನಲ್ಲಿ ಪಾಲುದಾರನೇ. ಇರುವುದಕ್ಕೆ ಒಂದು ಮನೆ ಇದೆ. ಏಳು ವರ್ಷದ ಹಿಂದೆ ಬಾಡಿಗೆಗೆಂದೇ ಕೊಂಡ ಇನ್ನೊಂದು ಪುನಾವಳೆಯಲ್ಲಿದೆ, ನಮ್ಮನ್ನು ಬೆಳಗಾವಿ, ಹುಬ್ಬಳ್ಳಿಗೆ ಕರೆದೊಯ್ಯುವ ಅದೇ ಹೈವೇಯಿಂದ ಸ್ವಲ್ಪ ಒಳಗೆ. ಈಗ ಮೂರನೆಯದರ ಪ್ರಸ್ತಾಪ ಮನೆಯಲ್ಲಿ ನಡೆದಿದೆ.

ಇಂಥ ಕೂಟಗಳಲ್ಲಿ ಒಂದು ವಿಚಿತ್ರ ಗಮನಿಸಿದ್ದೇನೆ. ಬಾಡಿಗೆಯ ವಿಷಯ ಬಂದಾಗ ನಮ್ಮ ದನಿ ತಗ್ಗುತ್ತದೆ. ಈ ವರ್ಷ ಸಾವಿರ ರೂಪಾಯಿ ಏರಿಸಿದೆ ಎನ್ನುವವನು ಅದಕ್ಕೆ ಎರಡು ಸಮಜಾಯಿಷಿ ಸೇರಿಸುತ್ತಾನೆ: ಮೇಂಟೆನೆನ್ಸ್ ಜಾಸ್ತಿಯಾಯಿತು, ಟ್ಯಾಂಕರ್ ನೀರಿನ ಖರ್ಚು ಹೆಚ್ಚಿತು. ಆದರೆ ಅದೇ ಮನುಷ್ಯ, ನಲವತ್ತಕ್ಕೆ ತೆಗೆದುಕೊಂಡದ್ದು ಈಗ ಎಪ್ಪತ್ತು ಎನ್ನುವಾಗ ದನಿ ಏರುತ್ತದೆ, ಸಮಜಾಯಿಷಿ ಬೇಕಾಗುವುದಿಲ್ಲ, ಸುತ್ತಲಿನವರು ತಲೆದೂಗುತ್ತಾರೆ. ಈ ನಾಚಿಕೆ ಮತ್ತು ಹೆಮ್ಮೆ ಎರಡೂ ತಪ್ಪು ಜಾಗದಲ್ಲಿ ಕೂತಿವೆ ಅಂತ ನನಗೆ ಅನ್ನಿಸುತ್ತದೆ.

ಬಾಡಿಗೆಯಲ್ಲಿ ನಾಚುವಂಥದ್ದು ಏನಿದೆ? ಹೊಸದಾಗಿ ಬಂದವನ ಕೈಯಲ್ಲಿ ಎಪ್ಪತ್ತು ಲಕ್ಷ ಇರುವುದಿಲ್ಲ, ಇದ್ದರೂ ಎರಡು ವರ್ಷದಲ್ಲಿ ಹೈದರಾಬಾದಿಗೆ ಹೋಗುವವನಿಗೆ ಮನೆ ಕೊಳ್ಳುವುದು ಬೇಡ. ಅವನಿಗೆ ಬೇಕಾದದ್ದು ಬೀಗದ ಕೈ, ಸೋರದ ನಲ್ಲಿ, ಕರೆ ಮಾಡಿದರೆ ಎತ್ತುವ ಮಾಲೀಕ. ಅದನ್ನು ಕೊಡುವವನು ಹಣ ತೆಗೆದುಕೊಂಡರೆ ಅದು ವ್ಯಾಪಾರ, ಸುಲಿಗೆಯಲ್ಲ. ಹಾಗೆ ಕೊಡುವವರು ಕಡಿಮೆಯಾಗುತ್ತ ಬಂದಿದ್ದಾರೆ ಕೂಡ. ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆಯ ಪ್ರಕಾರ ನಗರಗಳಲ್ಲಿ ಬಾಡಿಗೆ ಮನೆಗಳ ಪಾಲು 1961ರಲ್ಲಿ ಶೇ. 54 ಇದ್ದದ್ದು 2011ಕ್ಕೆ ಶೇ. 28ಕ್ಕೆ ಇಳಿದಿತ್ತು. ಅದೇ ಹೊತ್ತಿಗೆ ನಗರದ ಮನೆಗಳಲ್ಲಿ ಶೇ. 12ರಷ್ಟು ಖಾಲಿ. ನಮ್ಮ ಸೊಸೈಟಿಯಲ್ಲಿ ಸಂಜೆ ಕೆಳಗೆ ನಿಂತು ಮೇಲೆ ನೋಡಿದರೆ ಈ ಸಂಖ್ಯೆಯನ್ನು ಕಣ್ಣಿನಿಂದಲೇ ಎಣಿಸಬಹುದು. ದೀಪ ಹತ್ತದ ಕಿಟಕಿಗಳೆಲ್ಲ ಹೂಡಿಕೆಗಳು. ಬಾಡಿಗೆಗೆ ಕೊಟ್ಟರೆ ಗೋಡೆ ಹಾಳಾಗುತ್ತದೆ, ಬಂದವರು ಬಿಡದೆ ಕೂತಾರು ಎಂಬ ಭಯ. ಜೊತೆಗೆ 2019ರ ಬಜೆಟ್ಟಿನ ನಂತರ ಎರಡನೇ ಮನೆಯನ್ನು ಸ್ವಂತಕ್ಕೆ ಎಂದು ತೋರಿಸಿ ಖಾಲಿ ಬಿಟ್ಟರೆ ಕಾಲ್ಪನಿಕ ಬಾಡಿಗೆಯ ಮೇಲಿನ ತೆರಿಗೆಯೂ ಇಲ್ಲ. ಬಾಡಿಗೆ ತೆಗೆದುಕೊಳ್ಳುವವನಿಗಿಂತ ಬೀಗ ಹಾಕಿಟ್ಟವನು ನನಗೆ ಹೆಚ್ಚು ಕಾಡುತ್ತಾನೆ, ಆದರೆ ಅವನನ್ನು ಯಾರೂ ಬೈಯುವುದಿಲ್ಲ. ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿಲ್ಲವಲ್ಲ!

ಈಗ ಬೆಲೆಯ ಮಾತು. ಪ್ರಾಜೆಕ್ಟ್ ಮ್ಯಾನೇಜರಿನ ಚಟ, ಎಕ್ಸೆಲ್ ತೆರೆಯದೆ ಯಾವ ನಿರ್ಧಾರವೂ ಆಗುವುದಿಲ್ಲ. ಈಗ ನೋಡುತ್ತಿರುವ ಮನೆ 70 ಲಕ್ಷ ಎನ್ನೋಣ. ಕೈಯಿಂದ 14, ಸಾಲ 56. ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 48,600 ರೂಪಾಯಿ. ಅದರಲ್ಲಿ ಮೊದಲ ತಿಂಗಳ ಬಡ್ಡಿಯೇ 39,600 ದಾಟುತ್ತದೆ. ಬರುವ ಬಾಡಿಗೆ 22,000, ಅದರಲ್ಲಿ ಮೂರು ಸಾವಿರ ಮೇಂಟೆನೆನ್ಸಿಗೆ. ಅಂದರೆ ಬಾಡಿಗೆ ಅಸಲನ್ನು ಬಿಡಿ, ಬಡ್ಡಿಯ ಅರ್ಧವನ್ನೂ ತುಂಬುವುದಿಲ್ಲ. ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ ಜೇಬಿನಿಂದ ಹಾಕುತ್ತ ಯಾವ ಬುದ್ಧಿವಂತ ಈ ವ್ಯಾಪಾರ ಮಾಡುತ್ತಾನೆ? ಹತ್ತು ವರ್ಷದ ನಂತರ ಇದನ್ನು ಯಾರೋ 140 ಲಕ್ಷಕ್ಕೆ ಕೊಳ್ಳುತ್ತಾರೆ ಎಂದು ನಂಬಿದವನು ಮಾತ್ರ. ಹಾಗಾಗಿ ನಾನು ಕೊಳ್ಳುತ್ತಿರುವುದು ಬಾಡಿಗೆ ಬರುವ ಮನೆಯನ್ನಲ್ಲ, ಆ ಮುಂದಿನವನ ಅನಿವಾರ್ಯತೆಯನ್ನು. ಅವನು ಯಾರು? ಇವತ್ತು ಗದಗಿನಲ್ಲೋ ನಾಂದೇಡದಲ್ಲೋ ಹೈಸ್ಕೂಲು ಓದುತ್ತಿರುವ ಹುಡುಗ. ಅವನಿಗೆ ಮನೆ ಕೈಗೆಟುಕದಷ್ಟು ದುಬಾರಿಯಾಗಲಿ, ಆದರೆ ಪೂರ್ತಿ ಕೈಬಿಡುವಷ್ಟು ಆಗದಿರಲಿ, ಅದು ನನ್ನ ಪ್ರಾರ್ಥನೆ.

ಕಟ್ಟಡ ಹಳೆಯದಾಗುತ್ತದೆ, ಪ್ಲಾಸ್ಟರ್ ಉದುರುತ್ತದೆ, ಲಿಫ್ಟ್ ಕೆಡುತ್ತದೆ. ಏರುವುದು ಅದರ ಕೆಳಗಿನ ನೆಲದ ಬೆಲೆ. ಆ ಏರಿಕೆಗೆ ನಾನು ಮಾಡಿದ್ದೇನು? ರಸ್ತೆ ಪಾಲಿಕೆಯದು. ಐಟಿ ಪಾರ್ಕಿಗೆ ಜಾಗ ಮಾಡಿಕೊಟ್ಟದ್ದು ಸರ್ಕಾರದ ನಿಗಮ, ಅದಕ್ಕೂ ಮೊದಲು ಆ ನೆಲ ಹಿಂಜವಡಿ, ಮಾಣದ ರೈತರದು. 2018ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾದ ಹಿಂಜವಡಿ–ಶಿವಾಜಿನಗರ ಮೆಟ್ರೋ 23 ಕಿಲೋಮೀಟರಿನದು, ಅದರ ಒಂದು ಕಂಬಕ್ಕೂ ನಾನು ಸಿಮೆಂಟ್ ಹೊತ್ತಿಲ್ಲ, ಆದರೆ ಅದರ ಹೆಸರಿನಲ್ಲಿ ನಮ್ಮ ಕಡೆಯ ರೇಟು ಅಷ್ಟಷ್ಟು ಏರಿತು. ಎಲ್ಲಕ್ಕಿಂತ ಹೆಚ್ಚಾಗಿ, ಏರಿಸಿದ್ದು ಪ್ರತಿ ಜೂನಿನಲ್ಲಿ ಎರಡು ಬ್ಯಾಗು ಹಿಡಿದು ವಾಕಡ್ ಬ್ರಿಜ್ಜಿನ ಕೆಳಗೆ ಇಳಿಯುವ ಹುಡುಗ ಹುಡುಗಿಯರು. ಅವರು ಬರುವುದರಿಂದ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಅವರೇ ತೆರುತ್ತಾರೆ. ಹೆನ್ರಿ ಜಾರ್ಜ್ ಎಂಬ ಅಮೆರಿಕನ್ 1879ರಲ್ಲೇ ಇದರ ಬಗ್ಗೆ ದಪ್ಪ ಪುಸ್ತಕ ಬರೆದ. ಊರೆಲ್ಲ ಸೇರಿ ಹುಟ್ಟಿಸಿದ ನೆಲದ ಬೆಲೆ ಊರಿಗೇ ತೆರಿಗೆಯಾಗಿ ವಾಪಸ್ಸು ಬರಬೇಕು ಎಂಬುದು ಅವನ ವಾದ. ಮನೆ ಕಟ್ಟುವವನ ದುಡಿಮೆಗೆ ಅವನ ತಕರಾರಿರಲಿಲ್ಲ.

ನನ್ನ ಮಟ್ಟಿಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಮ್ಮಜ್ಜ ಸಾಗರದ ಸೀಮೆಯಲ್ಲಿ ಗೇಣಿದಾರ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಅದೇ ತಾಲ್ಲೂಕಿನಲ್ಲಿ. 1974ರ ಮಾರ್ಚಿನಲ್ಲಿ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ಮೇಲೆ ಅಜ್ಜ ಡಿಕ್ಲರೇಶನ್ ಹಾಕಿ ಎರಡೂವರೆ ಎಕರೆಗೆ ಒಡೆಯನಾದ. ಅಪ್ಪ ಓದಿದ್ದು ಆ ಗದ್ದೆಯ ಮೇಲೆ, ನಾನು ಎಂಟೆಕ್ ಮಾಡಿದ್ದು ಅಪ್ಪನ ಓದಿನ ಮೇಲೆ. ಈಗ ನಾನು ಬೇರೆಯವರು ವಾಸವಿರುವ ಜಾಗಕ್ಕೆ ದೂರದಲ್ಲಿ ಕೂತ ಒಡೆಯ. ಉಳುವವನೇ ಹೊಲದೊಡೆಯ ಎಂದ ಮೇಲೆ ಇರುವವನೇ ಮನೆಯೊಡೆಯ ಯಾಕಲ್ಲ ಎಂದು ತಮ್ಮ ಒಮ್ಮೆ ಊಟಕ್ಕೆ ಕೂತಾಗ ಚುಚ್ಚಿದ.

ಅದು ಅಷ್ಟು ಸಲೀಸಲ್ಲ. ಮುಂಬೈ ಅದರ ಹತ್ತಿರದ ಪ್ರಯೋಗವನ್ನು ಮಾಡಿ ನೋಡಿದೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರು ಹೆಚ್ಚುಕಡಿಮೆ ಒಡೆಯರೇ ಆದರು, ಮಾಲೀಕ ರಿಪೇರಿ ಬಿಟ್ಟ, ಮನೆ ಕೈಬದಲಾಗುವಾಗ ಪಗಡಿ ಹಣ ಓಡಾಡಿತು, ಹೊಸದಾಗಿ ಬಂದವನಿಗೆ ಬಾಗಿಲೇ ಇಲ್ಲದಾಯಿತು. ಗಿರಗಾಂವಿನ ಮರದ ಊರುಗೋಲು ಕೊಟ್ಟ ಕಟ್ಟಡಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೇಣಿದಾರ ಅದೇ ನೆಲದಲ್ಲಿ ತಲೆಮಾರು ಕಳೆಯುವವನು, ನೆಲ ಬೆಳೆ ಕೊಡುವುದು ಅವನ ಬೆವರಿನಿಂದ. ಬಾಡಿಗೆಯವನು ಹೋಗುವ ಸ್ವಾತಂತ್ರ್ಯ ಇಟ್ಟುಕೊಂಡೇ ಬಂದವನು. ತಮ್ಮನ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ.

ಆದರೆ ಕಾಗೋಡಿನ ಜಗಳದಲ್ಲಿ ನೆಲದ ಪ್ರಶ್ನೆಯ ಜೊತೆ ಕೊಳಗದ ಪ್ರಶ್ನೆಯೂ ಇತ್ತು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಒಡೆಯರ ಅಳತೆ ದೊಡ್ಡದು. ಕರಾರಿನಲ್ಲಿ ಬರೆದದ್ದು ಒಂದು, ಅಳೆಯುವಾಗ ಹೋಗುವುದು ಇನ್ನೊಂದು. ಈ ಕೊಳಗ ಇವತ್ತೂ ಇದೆ, ಅದರ ಹೆಸರು ಡಿಪಾಸಿಟ್. ಮನೆ ಬಿಡುವ ದಿನ ಪೇಂಟಿಂಗಿಗೆ ಇಷ್ಟು, ಡೀಪ್ ಕ್ಲೀನಿಂಗಿಗೆ ಇಷ್ಟು, ಮೊಳೆ ಹೊಡೆದದ್ದಕ್ಕೆ ಇಷ್ಟು ಎಂದು ಕತ್ತರಿಸಿ ಉಳಿದದ್ದನ್ನು ಮುಂದಿನ ವಾರ ಹಾಕುತ್ತೇನೆ ಎನ್ನುತ್ತಾರಲ್ಲ, ಅದೇ ದೊಡ್ಡ ಕೊಳಗ. ಟ್ರಕ್ಕು ಕೆಳಗೆ ನಿಂತಿದೆ, ಹೊಸ ಊರಿನಲ್ಲಿ ಸೋಮವಾರ ಆಫೀಸು, ಹದಿನೈದು ಸಾವಿರಕ್ಕಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎನ್ನುತ್ತದೆ, ಆದರೆ ಅದನ್ನು ಒಪ್ಪಿ ಕಾನೂನು ಮಾಡಬೇಕಾದದ್ದು ರಾಜ್ಯಗಳು. ಹತ್ತು ತಿಂಗಳ ಡಿಪಾಸಿಟ್ ಕೊಟ್ಟು ಬೆಂಗಳೂರಿನಲ್ಲಿ ಮನೆ ಹಿಡಿದವರು ಇದನ್ನು ಓದಿ ನಗಬಹುದು.

ಇನ್ನೊಂದು ಅಳತೆಯೂ ಇದೆ. ಮನೆ ಖಾಲಿಯಾದರೆ ಬ್ರೋಕರ್ ನನ್ನನ್ನು ಏನೂ ಕೇಳುವುದಿಲ್ಲ, ಅವನೇ ಸೋಸಿ ಕಳಿಸುತ್ತಾನೆ. ಬ್ಯಾಚುಲರ್ ಬೇಡ, ನಾನ್‌ವೆಜ್ ಬೇಡ, ಇನ್ನೊಂದು ಬೇಡವನ್ನು ದನಿ ತಗ್ಗಿಸಿ ಹೇಳುತ್ತಾನೆ, ಹೆಸರು ಕೇಳಿದರೆ ಸಾಕು ನಿಮಗೇ ಗೊತ್ತಾಗುತ್ತೆ ಸರ್ ಅಂತ. ಇದನ್ನು ನಾನು ಹೇಳಿರುವುದಿಲ್ಲ, ಸೊಸೈಟಿ ಬರೆದಿರುವುದಿಲ್ಲ, ಬ್ರೋಕರ್ ಮಾಲೀಕರ ಇಷ್ಟ ಎನ್ನುತ್ತಾನೆ. ಯಾರೂ ಮಾಡದ ಪಾಪ! ದೂರದಿಂದ ಹೂಡಿಕೆ ಮಾಡುವ ಸೊಗಸೇ ಇದು, ಕೈ ಕೊಳೆಯಾಗುವುದಿಲ್ಲ. ಸೋಸಬೇಡ ಎಂದು ಬಾಯಿಬಿಟ್ಟು ಹೇಳದಿದ್ದರೆ ಸೋಸು ಎಂದಂತೆಯೇ. ನಾನು ಹೇಳಿದ ವರ್ಷ ಮನೆ ಎರಡು ತಿಂಗಳು ಖಾಲಿ ಉಳಿಯಿತು, ನಲವತ್ತು ಸಾವಿರ ಹೋಯಿತು. ಎಕ್ಸೆಲ್ಲಿನಲ್ಲಿ ಅದಕ್ಕೊಂದು ಸಾಲು ಮೊದಲೇ ಇರಬೇಕಾದದ್ದು.

ಮೂರನೇ ಮನೆ ಬೇಡ ಎಂದು ಹೆಂಡತಿಗೆ ಹೇಳಿದೆ. ನಾವು ಬಿಟ್ಟರೆ ಬೆಲೆ ಇಳಿಯುತ್ತದಾ ಎಂದಳು. ಇಲ್ಲ, ಪೈಸೆಯೂ ಇಳಿಯುವುದಿಲ್ಲ. ಮತ್ತೆ ಯಾರಿಗೆ ಉಪಕಾರ? ಯಾರಿಗೂ ಅಲ್ಲ, ಗದಗಿನ ಹುಡುಗನಿಗೆ ಕಷ್ಟವಾಗಲಿ ಎಂದು ಪ್ರತಿ ತಿಂಗಳು ಮೂವತ್ತು ಸಾವಿರ ಕಟ್ಟುವುದು ನನಗೆ ಬೇಡ, ಅಷ್ಟೇ. ಅದಕ್ಕವಳು, ಹಾಗಾದರೆ ಇರುವ ಫ್ಲ್ಯಾಟಿನ ಲಾಭ ಏನು ಮಾಡುತ್ತೀರಿ ಎಂದು ಕೇಳಿದಳು. ಈ ಪ್ರಶ್ನೆ ಬರೀ ವಾದಕ್ಕೆ ಬಂದದ್ದಲ್ಲ. ನಾಲ್ಕು ವರ್ಷದಿಂದ ಆ ಮನೆಯಲ್ಲಿರುವ ದಂಪತಿ ನಾಂದೇಡದವರು, ಮಗು ಅಲ್ಲಿಯೇ ಹುಟ್ಟಿ ಈಗ ಕೆಳಗಿನ ಪ್ಲೇಸ್ಕೂಲಿಗೆ ಹೋಗುತ್ತಿದೆ. ಜನವರಿಯಲ್ಲಿ ಕರಾರು ನವೀಕರಿಸುವಾಗ, ಮಾರುವುದಿದ್ದರೆ ನಮಗೆ ಹೇಳುತ್ತೀರಾ ಸರ್ ಎಂದಿದ್ದರು.

ಮಾರುಕಟ್ಟೆಯಲ್ಲಿ 76 ಲಕ್ಷ ಸಿಗುತ್ತದೆ. ನೋಂದಣಿ ಖರ್ಚೂ ಸೇರಿ ನನಗೆ ಬಿದ್ದದ್ದು 49. ಏಳು ವರ್ಷದ ಬಡ್ಡಿ, ಮೇಂಟೆನೆನ್ಸ್, ಪಾಲಿಕೆಯ ತೆರಿಗೆ ಕೂಡಿಸಿ ಬಂದ ಬಾಡಿಗೆ ಕಳೆದರೆ 60ರ ಹತ್ತಿರ. ನಮ್ಮ ಕೈಯಿಂದ ಹೋದ 13 ಲಕ್ಷಕ್ಕೆ ಎಫ್‌ಡಿಯಷ್ಟಾದರೂ ಬಡ್ಡಿ ಬೇಡವಾ ಎಂದಳು ಹೆಂಡತಿ. ನ್ಯಾಯವೇ, ಅದಕ್ಕೆ 7 ಸೇರಿಸಿ 67. ಅದರ ಮೇಲಿನ 9 ಲಕ್ಷ ರಸ್ತೆಯದು, ಮೆಟ್ರೋದ್ದು, ಆ ದಂಪತಿಯಂಥವರು ಬಂದದ್ದರದು. ಕಾನೂನು ಇದನ್ನು ಯೋಚಿಸಿಯೇ ಇಲ್ಲ. ಸರ್ಕಾರಿ ದರಕ್ಕಿಂತ ತೀರಾ ಕಡಿಮೆಗೆ, ಸುಮಾರು ಶೇ. 10ನ್ನು ದಾಟಿ, ಮಾರಿದರೆ ಪಡೆಯದ ಹಣಕ್ಕೆ ಮಾರಿದವನೂ ಕೊಡದ ಹಣಕ್ಕೆ ಕೊಂಡವನೂ ಆದಾಯ ತೆರಿಗೆ ಕಟ್ಟಬೇಕು, ಯಾಕೆಂದರೆ ಕಡಿಮೆಗೆ ಮಾರಿದವನು ಕಪ್ಪುಹಣ ಪಡೆದಿರಲೇಬೇಕು ಎಂಬುದು ಅದರ ಅನುಮಾನ. 67 ಆ ಗೆರೆಯೊಳಗೆ ಬರುತ್ತದೆ, ನೋಡಿದ್ದೇನೆ.

ಹೆಂಡತಿ 72 ಎನ್ನುತ್ತಿದ್ದಾಳೆ. ಮಗಳ ಓದಿಗೆ ಆ ಐದು ಲಕ್ಷ ಬೇಕು ಎನ್ನುವುದು ಅವಳ ಮಾತು, ಅದು ಸುಳ್ಳೂ ಅಲ್ಲ. ನಾಂದೇಡದವರ ಸಾಲ ಮಂಜೂರಾಗಬಹುದಂತೆ, ಉಳಿದದ್ದನ್ನು ಊರಿನ ಅಣ್ಣನಿಂದ ಹೊಂದಿಸುತ್ತಾರಂತೆ. ನಮ್ಮ ಅಂಕಿಯನ್ನು ಅವರಿಗೆ ಇನ್ನೂ ಹೇಳಿಲ್ಲ. ಶನಿವಾರ ಮನೆಗೆ ಬರುತ್ತಿದ್ದಾರೆ.