ಮೂಕಪ್ರಾಣಿಯ ರೋಗವೂ ಸಾಕಿದವನ ಅರಿವೂ

ದಯೆಯೇ ಧರ್ಮಕ್ಕೆ ಮೂಲವೆಂಬುದು ಬಸವಣ್ಣನವರ ಉಪದೇಶ. ಅದನ್ನು ಬಾಯಿಪಾಠವಾಗಿ ಬಲ್ಲವರು ನಾಡಿನಲ್ಲಿ ಬಹುಮಂದಿ. ಆದರೆ ಪ್ರಾಣಿಯ ನೋವನ್ನು ಗುರುತಿಸಲಾರದವನಲ್ಲಿ ಆ ದಯೆಯು ಹೇಗೆ ನೆಲೆಗೊಂಡೀತೆಂಬುದು ವಿಚಾರಾರ್ಹವಾದುದು. ಗೋವು ನೊಂದರೆ ಕೂಗುವುದು, ನಾಯಿ ನರಳುವುದು. ಮೀನಿಗೆ ದನಿಯಿಲ್ಲ, ಮುಚ್ಚಲು ರೆಪ್ಪೆಯೂ ಇಲ್ಲ. ಅದರ ಸಂಕಟವನ್ನು ನೋಡುವವನೇ ಓದಿಕೊಳ್ಳಬೇಕು.

ಹೊಸಬಾಳೆಯ ಸುತ್ತಣ ಸೊರಬ-ಶಿಕಾರಿಪುರದ ಸೀಮೆ ಕೆರೆಗಳ ನಾಡು. ಅಲ್ಲಮಪ್ರಭುದೇವರ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಈ ಸೀಮೆಯವೇ. ಇಲ್ಲಿಯ ಜನಕ್ಕೆ ಮೀನು ಹೊಸದಲ್ಲ. ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರವರು ಕೂಣಿ ಹಿಡಿದು ಇಳಿಯುವ ಕೆರೆಬೇಟೆ ಇಂದಿಗೂ ಉಂಟು. ಆ ಬೇಟೆಯ ಯುಕ್ತಾಯುಕ್ತತೆ ಬೇರೆಯೇ ಪ್ರಶ್ನೆ. ಪ್ರಕೃತ ವಿಚಾರ, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಮಕ್ಕಳ ಸಂತೋಷಕ್ಕೆಂದು ತಂದಿಟ್ಟ ಹೊಂಬಣ್ಣದ ಮೀನಿನದು. ಪೇಟೆಯವರು ಗೋಲ್ಡ್ ಫಿಶ್ ಎನ್ನುವುದು. ಸಾವಿರ ವರ್ಷಗಳ ಹಿಂದೆಯೇ ಚೀನಾ ದೇಶದಲ್ಲಿ ಸಾಕಿ ಬೆಳೆಸಿದ ತಳಿಯಿದು. ಸರಿಯಾಗಿ ನೋಡಿಕೊಂಡರೆ 10-15 ವರ್ಷ ಬಾಳಬಲ್ಲ ಈ ಜೀವ ಎಷ್ಟೋ ಮನೆಗಳಲ್ಲಿ ಒಂದು ಮಳೆಗಾಲವನ್ನೂ ಕಾಣುವುದಿಲ್ಲ.

ಮೀನಿಗೆ ಉಣಿಸುವ ವಿದ್ಯೆ ಕನ್ನಡನಾಡಿಗೆ ಪುರಾತನವಾದುದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನುಗಳ ಜಾತಿ, ಅವುಗಳಿಗೆ ಹಾಕಬೇಕಾದ ಆಹಾರ ಇವುಗಳ ವಿವರಣೆಯುಂಟು. ಆ ಅರಿವೆಲ್ಲವೂ ಗಾಳಕ್ಕಾಗಿ. ಅರಸನಲ್ಲಿ ಅರಿವಿತ್ತು, ಅದು ದಯೆಗೆ ಒದಗಲಿಲ್ಲ. ಇಂದಿನ ಗೃಹಸ್ಥನಲ್ಲಿ ದಯೆಯುಂಟು, ಅರಿವು ಸಾಲದು.

ಹೇಗೆಂದರೆ, ಮೀನು ಗಾಜಿನ ಬಳಿಗೆ ಬಂದು ಬಾಯಿ ತೆರೆಯುತ್ತದೆ. ಮನೆಯವನು ಪಾಪ, ಹಸಿದಿದೆಯೆಂದು ಒಂದು ಚಿಟಿಕೆ ಹಾಕುತ್ತಾನೆ. ಮಡದಿ ಮತ್ತೊಂದು, ಮಕ್ಕಳು ಮೂರನೆಯದು. ಈ ಜಾತಿಯ ಮೀನಿಗೆ ಜಠರವೇ ಇಲ್ಲ; ಉಂಡದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಮಿಕ್ಕಿದ್ದು ತಳದಲ್ಲಿ ಕೊಳೆತು, ಮೀನಿನ ವಿಸರ್ಜನೆಯೊಡನೆ ಸೇರಿ ಅಮೋನಿಯವೆಂಬ ವಿಷವಾಗುತ್ತದೆ. ನೀರು ಮಾತ್ರ ನೋಡುವವರ ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ! ಕಿವಿರು ಸುಟ್ಟ ಮೀನು ಮೇಲೆದ್ದು ಗಾಳಿಗಾಗಿ ಬಾಯಿಬಿಡುತ್ತದೆ. ಅದನ್ನೂ ಹಸಿವೆಂದು ಬಗೆದು ಇನ್ನೊಂದು ಚಿಟಿಕೆ ಹಾಕುವವರುಂಟು. ದಾಸೋಹವೆಂಬುದು ಕೊಡುವವನ ತೃಪ್ತಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಶರಣಮಾರ್ಗದವರಿಗೆ ಬೇರೆ ಹೇಳಬೇಕಾಗಿಲ್ಲ.

ಆದಕಾರಣ ಮೀನಿನ ರೋಗಗಳಲ್ಲಿ ಬಹುಪಾಲು ನೀರಿನ ರೋಗ. ನೀರಿನ ರೋಗವಾದರೋ ಸಾಕಿದವನ ಕೈಯಿಂದ ಬಂದದ್ದು. ರೆಕ್ಕೆಗಳನ್ನು ಮುದುರಿಕೊಂಡು ಮೂಲೆಯಲ್ಲಿ ನಿಲ್ಲುವುದು, ಆಹಾರವನ್ನು ಉಗುಳುವುದು, ರೆಕ್ಕೆಯಂಚು ಹರಿದ ಬಟ್ಟೆಯಂತೆ ಬಿರಿಯುವುದು, ಇವೆಲ್ಲ ಅದರ ಭಾಷೆ. ಇಂತಹ ವೇಳೆ ಔಷಧದ ಶೀಶೆಗೆ ಕೈಹಾಕುವ ಮುನ್ನ ನೀರಿನ ಮೂರನೆಯ ಒಂದು ಪಾಲನ್ನು ತೆಗೆದು ಹೊಸದನ್ನು ತುಂಬುವುದು ಲೇಸು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಇಡೀ ತೊಟ್ಟಿಯನ್ನು ಉಜ್ಜಿ ತೊಳೆಯುವ ಉತ್ಸಾಹವೂ ಅಪಾಯವೇ; ಅಮೋನಿಯವನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಯೂರಲು ವಾರಗಳೇ ಬೇಕು.

ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿಚುಕ್ಕೆ ಕಂಡು, ಮೀನು ಕಲ್ಲಿಗೆ ಮೈಯುಜ್ಜಿದರೆ ಅದು ಪರೋಪಜೀವಿಯ ಬಾಧೆ. ಚರ್ಮದೊಳಗಿರುವಾಗ ಆ ಜೀವಿಗೆ ಮದ್ದು ತಾಗದು; ಉದುರಿ, ತಳದಲ್ಲಿ ಮರಿಮಾಡಿ, ಮರಿಗಳು ನೀರಿನಲ್ಲಿ ಈಜುವಾಗಲೇ ತಾಗಬೇಕು. ಲೀಟರಿಗೆ 2-3 ಗ್ರಾಂ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುವ ಚಿಕಿತ್ಸೆಯುಂಟು. ಚುಕ್ಕೆ ಮಾಯವಾದೊಡನೆ ಗುಣವಾಯಿತೆಂದು ನಿಲ್ಲಿಸಿದವನು ವಾರದಲ್ಲಿ ಅದೇ ರೋಗವನ್ನು ಇಮ್ಮಡಿಯಾಗಿ ಕಾಣುವನು.

ಹೊಟ್ಟೆ ಊದಿ, ಹುರುಪೆಗಳು ಹಲಸಿನ ಮುಳ್ಳಿನಂತೆ ನಿಗುರಿ ನಿಲ್ಲುವ ಜಲೋದರ ಬಂದಾಗ ಮಾತ್ರ ಪ್ರಶ್ನೆ ಕಠಿನವಾಗುತ್ತದೆ. ಅದರಿಂದ ಬದುಕಿ ಉಳಿಯುವ ಮೀನು ವಿರಳ. ಆಗ ಕೆಲವರು ಅದನ್ನು ಊರ ಕೆರೆಗೆ ಬಿಟ್ಟು, ಬಂಧನ ಬಿಡಿಸಿದ ಪುಣ್ಯವನ್ನೂ ಎಣಿಸಿಕೊಳ್ಳುತ್ತಾರೆ. ಇದು ಸರಿಯಲ್ಲ. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟ ಮೀನಿನ ಹುಣ್ಣುರೋಗವು ಕೆಲವೇ ವರ್ಷಗಳಲ್ಲಿ ದಕ್ಷಿಣದ ನೀರುಗಳನ್ನೂ ಮುಟ್ಟಿತು. ನೀರಿಗೆ ಬಿದ್ದ ರೋಗಕ್ಕೆ ಗಡಿಯಿಲ್ಲ. ಒಂದು ಜೀವದ ಸಾವನ್ನು ಕಣ್ಣಿನಿಂದ ಮರೆಮಾಡಲು ಕೆರೆಯ ಜೀವಗಳನ್ನೆಲ್ಲ ಒತ್ತೆಯಿಡುವುದು ದಯೆಯ ಹೆಸರನ್ನು ಹೊತ್ತ ಹೇಡಿತನ.

ಹಾಗಾದರೆ ಲವಂಗದೆಣ್ಣೆಯಿಂದ ಮೂರ್ಛೆಗೊಳಿಸಿ ನೋವಿಲ್ಲದೆ ಮುಗಿಸುವ ಇಂದಿನ ಪಶುವೈದ್ಯರ ಕ್ರಮ ಒಪ್ಪತಕ್ಕದ್ದೇ? ಕೊಲ್ಲದಿರುವುದೇ ಶರಣರ ಮಾರ್ಗವೆಂದು ಹಲವರು ಒಡನೆಯೇ ನಿರಾಕರಿಸುವರು. ಆ ನಿರಾಕರಣೆಗೆ ಬೆಲೆ ಬರಬೇಕಾದರೆ ನಿರಾಕರಿಸಿದವನು ರೋಗಿಯನ್ನು ಬೇರೆ ಪಾತ್ರೆಯಲ್ಲಿರಿಸಿ, ದಿನವೂ ನೀರು ಬದಲಿಸಿ, ಕೊನೆಯವರೆಗೆ ಬಳಿಯಲ್ಲಿರಬೇಕು. ಮುಖ ತಿರುಗಿಸಿ ಶಿವನಿಚ್ಛೆ ಎಂದವನಿಗಿಂತ, ಬದುಕುವುದಿಲ್ಲವೆಂದು ಬಲ್ಲವರಿಂದ ಕೇಳಿ ತಿಳಿದು ವೈದ್ಯನ ಕ್ರಮವನ್ನು ಒಪ್ಪಿದವನೇ ದಯೆಗೆ ಹತ್ತಿರವಿದ್ದಾನು. ಆದರೂ ಮೀನಿನ ನೋವು ಸಹಿಸದೆ ಒಪ್ಪಿದನೋ, ಆ ನೋಟದ ಕಿರುಕುಳ ಸಹಿಸದೆ ಒಪ್ಪಿದನೋ, ಅದಕ್ಕೆ ಅವನ ಅಂತರಂಗವೊಂದೇ ಸಾಕ್ಷಿ.

ಮೀನು ಸತ್ತ ಮರುದಿನವೇ ಶಿಕಾರಿಪುರದ ಪೇಟೆಯಿಂದ ಇನ್ನೊಂದನ್ನು ತಂದು ಬಿಡುವವರುಂಟು. ತೊಟ್ಟಿ ಅದೇ, ನೀರು ಅದೇ, ಚಿಟಿಕೆ ಹಾಕುವ ಕೈಗಳೂ ಅವೇ.